ಉಪ್ಪುನೀರಿನ ಟ್ಯಾಂಕಿಗೆ ಕಲ್ಲು ಕಟ್ಟುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕಲ್ಲಿನ ವಿಷಯವೇ ಜಾಸ್ತಿ. ಹಾಗಾಗಿ ಮೀನಿನ ಕಾಯಿಲೆ, ಲೈಟು, ಸ್ಕಿಮ್ಮರ್ ಎಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ನಾಲ್ಕಡಿ ಟ್ಯಾಂಕ್ ಮಾಡಿಸಿದ್ದೇನೆ. ಅಂಗಡಿಯ ಕಲ್ಲಿಗೆ ಸಿಕ್ಕಾಪಟ್ಟೆ ರೇಟು. ಕಡಲು ಮನೆ ಎದುರಿಗೇ ಇರುವಾಗ ದುಡ್ಡು ಕೊಟ್ಟು ಕಲ್ಲು ತರಬೇಕಾ? ಪರಿಚಯದ ದೋಣಿಯವರೊಬ್ಬರು ನೇತ್ರಾಣಿ ದ್ವೀಪದ ಕಡೆಯ ಹವಳದ ಕಲ್ಲು ತಂದುಕೊಡುತ್ತೇನೆ ಎನ್ನುತ್ತಾರೆ. (ಕೋಡಿಬಾಗ, ಕಾರವಾರ)

ಬೇಡ. ಫ್ರೀಯಾಗಿ ಕೊಟ್ಟರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಇವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆ ಹವಳವೂ ಅದೇ ಪಟ್ಟಿಯಲ್ಲಿವೆ. ಜೀವ ಇದ್ದದ್ದಕ್ಕೆ ಮಾತ್ರ ಅಲ್ಲ, ಸತ್ತು ಬಿಳಿಯಾದ ತುಂಡಿಗೂ ಕಾಯ್ದೆ ಅನ್ವಯವಾಗುತ್ತದೆ. ಬಲೆಗೆ ತಾನಾಗಿಯೇ ಸಿಕ್ಕಿತು ಎಂದರೆ ಯಾರೂ ಒಪ್ಪುವುದಿಲ್ಲ. ಕಾಯ್ದೆ ಆಚೆಗಿರಲಿ, ನಮ್ಮ ಕರಾವಳಿಯಲ್ಲಿ ಹವಳ ನೋಡಬೇಕೆಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೇ ಹೋಗಬೇಕು. ಇರುವುದೇ ಅಷ್ಟು, ಅದನ್ನೂ ಕಿತ್ತು ಗಾಜಿನ ಪೆಟ್ಟಿಗೆಗೆ ಹಾಕಿಕೊಂಡರೆ ಹೇಗೆ?

ಇನ್ನು ದಡದ ಕಲ್ಲು. ಗ್ರಾನೈಟ್ ಜಾತಿಯ ಗಟ್ಟಿ ಕಲ್ಲಿನಿಂದ ನೀರಿಗೇನೂ ತೊಂದರೆ ಇಲ್ಲ, ಆದರೆ ಉಪಯೋಗವೂ ಇಲ್ಲ. ಯಾಕೆಂದರೆ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಕಲ್ಲೇ ದೊಡ್ಡ ಫಿಲ್ಟರ್. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಕಲ್ಲಿನ ಮೇಲೆ ಕೂರುವ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಅದನ್ನು ಇನ್ನೊಂದಿಷ್ಟು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಮತ್ತೆ ಕಲ್ಲಿನ ಒಳಗೆ ಆಮ್ಲಜನಕ ಕಮ್ಮಿ ಇರುವ ಸಣ್ಣ ಸಣ್ಣ ರಂಧ್ರಗಳಲ್ಲಿ ಆ ನೈಟ್ರೇಟ್ ಒಡೆದು ಸಾರಜನಕವಾಗಿ ಗಾಳಿಗೆ ಹೋಗುತ್ತದೆ. ರಂಧ್ರವೇ ಇಲ್ಲದ ಕಲ್ಲಿನಲ್ಲಿ ಇದರ ಕೊನೆಯ ಭಾಗ ನಡೆಯುವುದಿಲ್ಲ. ಹಾಗಾದರೆ ಚಿರೆಕಲ್ಲು? ತೂತು ಬೇಕಾದಷ್ಟಿದೆ, ಆದರೆ ಅದರಲ್ಲಿ ಮಣ್ಣು, ಕಬ್ಬಿಣದ ಅಂಶವೂ ಬೇಕಾದಷ್ಟಿದೆ. ನೀರಿನಲ್ಲಿ ಪುಡಿ ಉದುರುತ್ತದೆ. ಯಾಣದ ಬಂಡೆ ಸುಣ್ಣಕಲ್ಲೇ ಅಲ್ವಾ ಎಂದು ಇನ್ನೊಬ್ಬರು ಕೇಳಿದ್ದಾರೆ. ಹೌದು, ಆದರೆ ಅದು ಹರಳುಗಟ್ಟಿ ಬಿಗಿಯಾದ ಸುಣ್ಣಕಲ್ಲು. ಅದೂ ಅಲ್ಲದೆ ಕಾಡಿನೊಳಗಿನ ದೇವರ ಜಾಗ, ಸುಮ್ನೆ ಬಿಟ್ಟುಬಿಡಿ.

ಅಂಗಡಿಯಲ್ಲಿ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಕೊಳ್ಳುವಾಗಲೂ ಎಲ್ಲಿಂದ ಬಂದದ್ದು ಎಂದು ಕೇಳಿ. ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ ಕಲ್ಲಾದರೆ ತಲೆಬಿಸಿ ಇಲ್ಲ. ಕಡಲಿನ ಹವಳ ಎಂದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಹಿಂದಿನ ಗಾಜಿಗೆ ಒರಗಿಸಿ ಗೋಡೆಯ ಹಾಗೆ ಕಲ್ಲು ಪೇರಿಸಿದ್ದೆ. ರಾತ್ರಿ ಧಡ್ ಎಂದು ಕುಸಿಯಿತು. ಪುಣ್ಯಕ್ಕೆ ಗಾಜು ಒಡೆದಿಲ್ಲ. ಗೋಬಿ ಮೀನು ಮರಳು ತೋಡುವುದನ್ನು ನೋಡಿದ್ದೆ, ಅದೇ ಕಾರಣವಾ? ಮತ್ತೆ ಕಟ್ಟುವುದು ಹೇಗೆ? (ಕುಮಟಾ)

ಗೋಬಿಯದ್ದು ತಪ್ಪಲ್ಲ, ಮರಳು ತೋಡುವುದು ಅದರ ಕಸುಬು. ನೀವು ಮೊದಲು ಮರಳು ಹಾಕಿ ಅದರ ಮೇಲೆ ಕಲ್ಲು ಇಟ್ಟಿದ್ದೀರಿ ಅನಿಸುತ್ತದೆ. ಅದು ಉಲ್ಟಾ ಆಗಬೇಕು. ಕಲ್ಲು ತಳದ ಗಾಜಿನ ಮೇಲೆಯೇ ಕೂರಬೇಕು. ಗಾಜಿಗೆ ಏಟಾಗದ ಹಾಗೆ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ. ಕಲ್ಲು ಪೂರ್ತಿ ಕೂತ ಮೇಲೆ ಸುತ್ತಲೂ ಮರಳು ಸುರಿಯಿರಿ. ಆಮೇಲೆ ಗೋಬಿಯಾಗಲಿ ಸಿಗಡಿಯಾಗಲಿ ಎಷ್ಟು ಬೇಕಾದರೂ ತೋಡಿಕೊಳ್ಳಲಿ.

ಕಟ್ಟುವ ಕೆಲಸ ಟ್ಯಾಂಕಿನ ಹೊರಗೇ ಆಗಬೇಕು. ಒಂದು ರಟ್ಟಿನ ಮೇಲೆ ಟ್ಯಾಂಕಿನ ತಳದ ಅಳತೆ ಗುರುತು ಮಾಡಿ. ಹಿಂದಿನ ಗಾಜಿನಿಂದ ಸುಮಾರು 10 ಸೆಂ.ಮೀ., ಪಕ್ಕ ಮತ್ತು ಮುಂದಿನ ಗಾಜಿನಿಂದ ಕನಿಷ್ಠ 7-8 ಸೆಂ.ಮೀ. ಬಿಟ್ಟು ಒಳಗೆ ಇನ್ನೊಂದು ಗೆರೆ ಎಳೆಯಿರಿ. ಆ ಗೆರೆ ದಾಟಬೇಡಿ. ಪಾಚಿ ಉಜ್ಜುವ ಮ್ಯಾಗ್ನೆಟ್ ಓಡಾಡಲು, ನಿಮ್ಮ ಕೈ ಹೋಗಲು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಸುತ್ತಲು ಆ ಜಾಗ ಬೇಕೇ ಬೇಕು. ಗೋಡೆ ಕಟ್ಟಿದರೆ ಅದರ ಹಿಂದೆ ನೀರು ಸತ್ತ ಹಾಗೆ ನಿಲ್ಲುತ್ತದೆ, ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ ಎಲ್ಲ ಅಲ್ಲೇ ಕೊಳೆಯುತ್ತದೆ, ನೈಟ್ರೇಟ್ ಯಾಕೆ ಇಳಿಯುತ್ತಿಲ್ಲ ಎಂದು ನೀವು ತಲೆ ಕೆರೆದುಕೊಳ್ಳುತ್ತಿರುತ್ತೀರಿ. ನಾಲ್ಕಡಿ ಟ್ಯಾಂಕಿನಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಹೀಗೆ ಎರಡು ದ್ವೀಪ ಮಾಡಿ ನಡುವೆ ಮರಳಿನ ಓಣಿ ಬಿಟ್ಟರೆ ನೋಡಲೂ ಚಂದ, ಮೀನಿಗೂ ಈಜಲು ಜಾಗ. ಎರಡನ್ನೂ ಒಂದೇ ಎತ್ತರ ಮಾಡಬೇಡಿ. ಎತ್ತರ ನೀರಿನ ಮೂರನೇ ಎರಡು ಭಾಗಕ್ಕಿಂತ ಮೇಲೆ ಹೋಗದಿರಲಿ. ಮುಂದೆ ಹವಳ ಬೆಳೆಯುತ್ತದಲ್ಲ, ಅದಕ್ಕೂ ಜಾಗ ಬೇಕು.

ಬುಡದ ಪ್ರತಿ ಕಲ್ಲೂ ಮೂರು ಕಡೆ ನೆಲ ಮುಟ್ಟಬೇಕು, ಒಲೆಗುಂಡಿನ ಹಾಗೆ. ಎರಡೇ ಕಡೆ ಮುಟ್ಟಿದರೆ ಅಲ್ಲಾಡುತ್ತದೆ. ಅಲ್ಲಾಡುವ ಕಲ್ಲನ್ನು ಅಂಟಿನಿಂದ ಸರಿಮಾಡಲು ಹೋಗಬೇಡಿ, ತಿರುಗಿಸಿ ಬೇರೆ ಮಗ್ಗುಲಲ್ಲಿ ಇಟ್ಟು ನೋಡಿ, ಇಲ್ಲವೆಂದರೆ ತಳ ಉಜ್ಜಿ ಸಪಾಟು ಮಾಡಿ. ಅಂಟಿಲ್ಲದೆ ನಿಲ್ಲುವ ಹಾಗೆ ಜೋಡಿಸಿ, ಆಮೇಲೆ ಅಂಟಿಸಿ. ಸೈನೋಅಕ್ರಿಲೇಟ್ ಅಂಟು, ಅಂದರೆ ಫೆವಿಕ್ವಿಕ್ ಜಾತಿಯದ್ದು, ಕಡಲ ಜೀವಿಗಳಿಗೆ ತೊಂದರೆ ಮಾಡುವುದಿಲ್ಲ, ಆದರೆ ತೆಳು ಅಂಟು ಕಲ್ಲಿನೊಳಗೆ ಇಳಿದುಹೋಗುತ್ತದೆ, ಜೆಲ್ ಇರುವುದು ಒಳ್ಳೆಯದು. ಸಂದಿಗೆ ಒಣ ಮರಳು ತುಂಬಿ ಮೇಲೆ ತೆಳು ಅಂಟು ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಆಗ ಬಿಸಿಯಾಗಿ ಹೊಗೆ ಬರುತ್ತದೆ, ಮುಖ ದೂರ ಇಟ್ಟುಕೊಳ್ಳಿ. ದೊಡ್ಡ ಚಾಚು, ಕಮಾನು ಬೇಕಾದರೆ ಕಲ್ಲಿಗೆ ಡ್ರಿಲ್ ಹಾಕಿ ಅಕ್ರಿಲಿಕ್ ಅಥವಾ ಫೈಬರ್‌ಗ್ಲಾಸ್ ಕಡ್ಡಿ ಕೂರಿಸಿ. ಕಬ್ಬಿಣದ ಕಡ್ಡಿ, ತಾಮ್ರದ ತಂತಿ ಮಾತ್ರ ಯಾವತ್ತೂ ಬೇಡ. ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ.

ಕೊನೆಗೆ ಕಟ್ಟಿದ್ದನ್ನು ಎತ್ತಿ ನೋಡಿ. ಒಬ್ಬರ ಕೈಯಲ್ಲಿ ಎತ್ತಲು ಆಗದಿದ್ದರೆ ಎರಡು ತುಂಡು ಮಾಡಿ. ಮುಂದೆ ಯಾವುದಾದರೂ ಮೀನು ಹಿಡಿಯಲು ಕಲ್ಲು ಹೊರತೆಗೆಯಬೇಕಾದಾಗ ಇದು ನೆನಪಾಗುತ್ತದೆ.

ಪ್ರಶ್ನೆ: 200 ಲೀಟರಿಗೆ ಎಷ್ಟು ಕಿಲೋ ಕಲ್ಲು ಬೇಕು? ನಮ್ಮದು ಹಳೆ ಮನೆ, ಟ್ಯಾಂಕನ್ನು ಮೆತ್ತಿನ (ಮರದ ಮಹಡಿಯ) ಮೇಲೆ ಇಡಬಹುದಾ? (ಶಿರಸಿ)

ಹಳೆಯ ಲೆಕ್ಕದಲ್ಲಿ 20ರಿಂದ 25 ಕಿಲೋ. ನನ್ನ ಪ್ರಕಾರ ಅದು ಜಾಸ್ತಿ. ರಂಧ್ರ ಚೆನ್ನಾಗಿರುವ ಹಗುರ ಕಲ್ಲಾದರೆ 10-12 ಕಿಲೋ ಸಾಕು. ಮೆತ್ತಿನ ಮೇಲೆ ಮಾತ್ರ ಬೇಡ. ನೀರೇ 200 ಕಿಲೋ ದಾಟುತ್ತದೆ, ಗಾಜು, ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ 300ರ ಹತ್ತಿರ ಹೋಗುತ್ತದೆ. ಹಳೆ ಮರದ ತೊಲೆಯ ಮೇಲೆ ಒಂದೇ ಕಡೆ ಅಷ್ಟು ಭಾರ ಹಾಕುವ ಧೈರ್ಯ ಬೇಡ. ಕೆಳಗೆ ಜಗಲಿಯಲ್ಲಿ, ಬಿಸಿಲು ನೇರ ಬೀಳದ ಕಡೆ ಇಡಿ.

ಪ್ರಶ್ನೆ: ಸಿಮೆಂಟಿನಲ್ಲಿ ಮನೆಯಲ್ಲೇ ಕಲ್ಲು ಮಾಡಬಹುದು ಎಂದು ಕೇಳಿದೆ, ನಿಜವಾ? (ಅಂಕೋಲಾ)

ನಿಜ, ಮತ್ತು ನಮ್ಮ ಕಡೆಯವರಿಗೆ ಇದರಷ್ಟು ಅಗ್ಗದ ದಾರಿ ಬೇರೆ ಇಲ್ಲ. ಬೇಕಾದ್ದು ಬಿಳಿ ಅಥವಾ ಬೂದು ಪೋರ್ಟ್‌ಲ್ಯಾಂಡ್ ಸಿಮೆಂಟ್, ಕುಟ್ಟಿದ ಚಿಪ್ಪು, ದಪ್ಪ ಉಪ್ಪು. ಬಳಚು ಪಲ್ಯ ಮಾಡಿದ ದಿನ ಚಿಪ್ಪು ಎಸೆಯಬೇಡಿ. ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಕುಟ್ಟಿಡಿ. ಉಪ್ಪಿಗೆ ಸಾಣಿಕಟ್ಟೆಯ ಹರಳುಪ್ಪು ಇದೆಯಲ್ಲ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಚಿಪ್ಪು, ಒಂದೂವರೆ ಪಾಲು ಉಪ್ಪು. ನೀರು ಆದಷ್ಟು ಕಡಿಮೆ, ಕೈಯಲ್ಲಿ ಹಿಚುಕಿದರೆ ಉಂಡೆ ನಿಲ್ಲುವಷ್ಟು. ಗ್ಲೌಸ್ ಹಾಕಿಕೊಳ್ಳಿ, ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಒದ್ದೆ ಮರಳಿನಲ್ಲಿ ಗುಂಡಿ ತೋಡಿ ಅದರೊಳಗೆ ಸಡಿಲವಾಗಿ ಹಾಕಿ. ಒತ್ತಿದರೆ ರಂಧ್ರ ಮುಚ್ಚುತ್ತದೆ. ಗುಹೆ ಬೇಕಾದ ಕಡೆ ಮರಳಿನ ಉಂಡೆ ಇಟ್ಟು ಸುತ್ತ ಸಿಮೆಂಟ್ ಹಾಕಿ, ಗಟ್ಟಿಯಾದ ಮೇಲೆ ಮರಳು ಕೆರೆದು ತೆಗೆಯಿರಿ.

ಎರಡು ದಿನ ಒದ್ದೆ ಗೋಣಿ ಮುಚ್ಚಿಟ್ಟು, ಆಮೇಲೆ ಸಿಹಿನೀರಿನ ಡ್ರಮ್ಮಿಗೆ ಹಾಕಿ. ಉಪ್ಪು ಕರಗಿ ಅದಿದ್ದ ಜಾಗದಲ್ಲಿ ತೂತು ಉಳಿಯುತ್ತದೆ. ನಿಜವಾದ ಕಷ್ಟ ಇಲ್ಲಿಂದ ಶುರು. ಹೊಸ ಸಿಮೆಂಟ್ ನೀರಿನ ಪಿಎಚ್ ಅನ್ನು 12ರ ಮೇಲೆ ಒಯ್ಯುತ್ತದೆ, ಅದರಲ್ಲಿ ಯಾವ ಮೀನೂ ಬದುಕುವುದಿಲ್ಲ. ಒಂದೂವರೆ ಎರಡು ತಿಂಗಳು ನೀರು ಬದಲಿಸುತ್ತಲೇ ಇರಬೇಕು. ಕೊನೆಗೆ ಹೊಸ ನೀರಿನಲ್ಲಿ ಕಲ್ಲನ್ನು ಒಂದು ದಿನ ನೆನೆಹಾಕಿ ಪಿಎಚ್ ನೋಡಿ. 8.5 ದಾಟದಿದ್ದರೆ ಬಳಸಬಹುದು. ದಾಟಿದರೆ ಮತ್ತೆ ಡ್ರಮ್ಮಿಗೆ. ಅವಸರದವರು ಈ ದಾರಿಗೆ ಬರಬೇಡಿ.

ಪ್ರಶ್ನೆ: ಕಾಳಿ ಸಂಗಮದ ಹತ್ತಿರದ ಕಡಲ ನೀರು ತಂದು ಹೊಸ ಕಲ್ಲನ್ನು ತಯಾರು ಮಾಡಬಹುದಾ? (ಸದಾಶಿವಗಡ)

ಮಳೆಗಾಲದಲ್ಲಂತೂ ಬೇಡವೇ ಬೇಡ. ರೀಫಿಗೆ ಬೇಕಾದ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ, ಉಪ್ಪು ಅಳೆಯುವ ಹೈಡ್ರೋಮೀಟರಿನಲ್ಲಿ 1.025ರ ಆಸುಪಾಸು. ಹೊಳೆ ತುಂಬಿ ಬರುವಾಗ ಅಲ್ಲಿ ಅದರ ಹತ್ತಿರವೂ ಇರುವುದಿಲ್ಲ, ಕೆಸರು ಬೇರೆ. ಆರ್‌ಒ ನೀರಿಗೆ ರೀಫ್ ಸಾಲ್ಟ್ (ಇಂಥ ಟ್ಯಾಂಕಿಗೆಂದೇ ಮಾರುವ ಉಪ್ಪು) ಬೆರೆಸುವುದೇ ನಿಶ್ಚಿಂತೆ. ಆ ನೀರಿನಲ್ಲಿ ಕಲ್ಲಿಟ್ಟು, ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಸ್ವಲ್ಪ ಅಮೋನಿಯಾ ಹಾಕಿ ಪಂಪ್ ಓಡಿಸುತ್ತಾ 4ರಿಂದ 6 ವಾರ ಬಿಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೊದಲ ಮೀನು.

ಪ್ರಶ್ನೆ: ಬಿಳಿ ಕಲ್ಲಿನ ಮೇಲೆಲ್ಲ ಕಂದು ಲೋಳೆ ಕೂತಿದೆ. ತೆಗೆದು ತೊಳೆಯಲಾ? (ಹೊನ್ನಾವರ)

ತೊಳೆಯಬೇಡಿ. ಅದು ಡಯಾಟಮ್ ಪಾಚಿ, ಹೊಸ ಟ್ಯಾಂಕಿಗೆಲ್ಲ ಬರುತ್ತದೆ, ತಾನಾಗಿ ಹೋಗುತ್ತದೆ. ಲೈಟ್ ಹೊತ್ತು ಕಡಿಮೆ ಮಾಡಿ, ಸುಮ್ನಿರಿ.

ಪ್ರಶ್ನೆ: ಕಲ್ಲು ಕಟ್ಟಿ ಆಯಿತು. ಯಾವ ಹವಳ ಎಲ್ಲಿ ಕೂರಿಸಲಿ? (ಭಟ್ಕಳ)

ಗಟ್ಟಿ ಹವಳದ ಆಸೆ ಬಿಡಿ, ಮೇಲೆ ಹೇಳಿದ ಕಾಯ್ದೆ ನೆನಪಿರಲಿ. ಮೆದು ಜಾತಿಯಲ್ಲಿ ಮಶ್ರೂಮ್ ಹವಳ ಕಲ್ಲಿನ ಕೆಳಭಾಗಕ್ಕೆ, ನೆರಳಿನ ಬದಿಗೆ. ಜೊವಾಂತಿಡ್ ಹವಳ ನಡುಭಾಗಕ್ಕೆ. ಅದನ್ನು ಬರಿಗೈಯಲ್ಲಿ ಹಿಚುಕಬೇಡಿ, ಕೆಲವು ಜಾತಿಗಳಲ್ಲಿ ಘೋರ ವಿಷ ಇರುತ್ತದೆ. ಲೆದರ್ ಹವಳ ಮೇಲ್ಭಾಗಕ್ಕೆ, ಆದರೆ ಅದು ಕೊಡೆಯಷ್ಟು ಹರಡಿ ಕೆಳಗಿನವಕ್ಕೆ ಬೆಳಕು ತಪ್ಪಿಸುತ್ತದೆ, ಒಂದು ಮೂಲೆ ಅದಕ್ಕೇ ಬಿಡಿ. ಗ್ರೀನ್ ಸ್ಟಾರ್ ಪಾಲಿಪ್ ಎಂಬ ಹವಳ ಮುಖ್ಯ ಕಲ್ಲಿಗೆ ತಾಗಲೇಬಾರದು. ಒಮ್ಮೆ ಹತ್ತಿದರೆ ಕಲ್ಲಿಡೀ ಅದರದ್ದೇ. ಮರಳಿನ ನಡುವೆ ಒಂಟಿ ಕಲ್ಲಿಟ್ಟು ಅದರ ಮೇಲೆ ಕೂರಿಸಿ. ಎನಿಮೊನ್ (ಹೂವಿನ ಹಾಗೆ ಕಾಣುವ ಕಡಲ ಪ್ರಾಣಿ) ತರುವ ಯೋಚನೆ ಇದ್ದರೆ ಮೊದಲು ಪಂಪಿನ ಬಾಯಿಗೆ ಜಾಲರಿ ಹಾಕಿ. ಅದು ನಿಮಗಿಷ್ಟ ಬಂದ ಜಾಗದಲ್ಲಿ ಕೂರುವುದಿಲ್ಲ, ತನಗಿಷ್ಟ ಬಂದ ಕಡೆ ನಡೆದು ಹೋಗುತ್ತದೆ.