ಸಂಗ್ರಹ ತುಂಬಿದಾಗ ಮಿತಿ ಎಲ್ಲಿ ಹಾಕಬೇಕು?

ಪ್ರಶ್ನೆ: ಬದಿಯಡ್ಕ ಸಮೀಪದ ನಮ್ಮ ವಾಚನಾಲಯದ ಕಂಪ್ಯೂಟರ್ ಕೋಣೆಯಲ್ಲಿ ಉಬುಂಟು 22.04 ಇರುವ 14 ಯಂತ್ರಗಳಿವೆ. ಶಾಲೆಯಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಬಳಸುವ ಮಕ್ಕಳಿಗೆ ಇದು ಹೊಸದೆನಿಸುವುದಿಲ್ಲ. ಒಂದೇ ಪ್ಯಾಕೇಜನ್ನು (ತಂತ್ರಾಂಶ ಸ್ಥಾಪಿಸುವ ಕಡತವನ್ನು) 14 ಸಲ ಇಳಿಸಿಕೊಳ್ಳಬಾರದೆಂದು ಹಳೆಯ ಯಂತ್ರವೊಂದರಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಎಂಬ, ಇಳಿಸಿದ ಪ್ಯಾಕೇಜುಗಳನ್ನು ಸಂಗ್ರಹಿಸಿಟ್ಟು ಎಲ್ಲ ಯಂತ್ರಗಳಿಗೂ ಕೊಡುವ ತಂತ್ರಾಂಶವನ್ನು ಹಾಕಿದ್ದೇವೆ. ಅದರ 120 ಜಿಬಿ ಡಿಸ್ಕ್ ಈಗ ಪೂರ್ತಿ ತುಂಬಿದ್ದು, ಅದೇ ಯಂತ್ರದಲ್ಲಿರುವ ಪುಸ್ತಕ ಎರವಲಿನ ಡೇಟಾಬೇಸ್ ಕೂಡ ನಿಂತುಹೋಗಿದೆ. ಉಬುಂಟು 23.10 ಇರುವ ಒಂದು ಲ್ಯಾಪ್‌ಟಾಪ್ ಸಹ ಇದೇ ಸಂಗ್ರಹವನ್ನು ಬಳಸುತ್ತಿದೆ. 30 ಜಿಬಿ ಮೀರದಂತೆ ಮಿತಿ ಹಾಕುವ ಆಯ್ಕೆ ಎಲ್ಲಿದೆ?

ಉತ್ತರ: ಇಷ್ಟು ಜಿಬಿ ಆದ ಮೇಲೆ ನಿಲ್ಲು ಎಂದು ಹೇಳುವ ಆಯ್ಕೆ ಈ ತಂತ್ರಾಂಶದಲ್ಲಿ ಇಲ್ಲ. ಅದು ಗಾತ್ರವನ್ನು ನೋಡಿ ಅಲ್ಲ, ಪಟ್ಟಿಯನ್ನು ನೋಡಿ ಹಳೆಯ ಕಡತಗಳನ್ನು ತೆಗೆದುಹಾಕುತ್ತದೆ. ನಿಮ್ಮ ವಾಚನಾಲಯದಲ್ಲಿ ಪುಸ್ತಕಪಟ್ಟಿಯಿಂದ ಹೆಸರು ಹೋದ ಪುಸ್ತಕವನ್ನು ಕಪಾಟಿನಿಂದಲೂ ತೆಗೆಯುವಂತೆ, ದಿನಕ್ಕೊಮ್ಮೆ ನಡೆಯುವ ಶುಚಿಕಾರ್ಯದಲ್ಲಿ ಅದು ಉಬುಂಟುವಿನ ಇತ್ತೀಚಿನ ಪ್ಯಾಕೇಜ್ ಪಟ್ಟಿಗಳನ್ನು ತರಿಸಿಕೊಂಡು, ಯಾವ ಪಟ್ಟಿಯಲ್ಲಿಯೂ ಇಲ್ಲದ ಕಡತವನ್ನು ಗುರುತಿಸಿಟ್ಟು, ಎಕ್ಸ್‌ಥ್ರೆಶೋಲ್ಡ್ ಎಂಬ ಸೆಟ್ಟಿಂಗ್‌ನಲ್ಲಿ ಹೇಳಿದಷ್ಟು ದಿನ, ಅಂದರೆ ಸಾಮಾನ್ಯವಾಗಿ 4 ದಿನ, ಕಾದು ಅಳಿಸುತ್ತದೆ.

ಆದುದರಿಂದ ಮಿತಿಯನ್ನು ಹುಡುಕುವ ಮೊದಲು ಈ ಶುಚಿಕಾರ್ಯ ನಿಜವಾಗಿ ನಡೆಯುತ್ತಿದೆಯೇ ಎಂಬುದನ್ನು ನೋಡಿರಿ. ನಿಮ್ಮ ಪತ್ರದ ಕೊನೆಯಲ್ಲಿ ಬಂದ ಲ್ಯಾಪ್‌ಟಾಪೇ ಇಲ್ಲಿ ಮೂಲ ಕಾರಣವಾಗಿರಬಹುದೆಂದು ನನಗೆ ಬಲವಾಗಿ ಅನಿಸುತ್ತದೆ. ಉಬುಂಟು 23.10ಕ್ಕೆ ಕೇವಲ 9 ತಿಂಗಳ ಬೆಂಬಲವಿತ್ತು. 2024ರ ಜುಲೈಯಲ್ಲಿ ಅದು ಮುಗಿದ ಮೇಲೆ ಅದರ ಕಡತಗಳು ಸಾಮಾನ್ಯ ಸರ್ವರ್‌ಗಳಿಂದ ಹಳೆಯ ಆವೃತ್ತಿಗಳ ಸರ್ವರಿಗೆ ಹೋದವು. ನಿಮ್ಮ ಸಂಗ್ರಹದಲ್ಲಿ ಆ ಆವೃತ್ತಿಯ ಪಟ್ಟಿ ಇನ್ನೂ ಉಳಿದಿದ್ದರೆ ಅದನ್ನು ಹೊಸದಾಗಿ ತರಿಸುವ ಪ್ರಯತ್ನ ಪ್ರತಿದಿನವೂ ವಿಫಲವಾಗುತ್ತದೆ, ಮತ್ತು ಒಂದು ಪಟ್ಟಿ ಸಿಗದಿದ್ದರೂ ಇಡೀ ಶುಚಿಕಾರ್ಯವನ್ನೇ ಅರ್ಧಕ್ಕೆ ಬಿಡುವುದು ಈ ತಂತ್ರಾಂಶದ ಸಹಜ ಕ್ರಮ. ಎಕ್ಸ್‌ಅಬಾರ್ಟ್‌ಆನ್‌ಪ್ರಾಬ್ಲಮ್ಸ್ ಎಂಬ ಸೆಟ್ಟಿಂಗ್ ಅದಕ್ಕಾಗಿಯೇ ಇದೆ. ಅದನ್ನು ಸೊನ್ನೆ ಮಾಡಿದರೆ ಅಡ್ಡಿ ನೀಗುತ್ತದೆಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿರಿ. ಮಳೆಗಾಲದಲ್ಲಿ ನಮ್ಮ ಕಡೆ ಇಂಟರ್ನೆಟ್ ಕಡಿದುಹೋಗಿ ಯಾವ ಪಟ್ಟಿಯೂ ಸಿಗದಿರುವಾಗ ಒಳ್ಳೆಯ ಕಡತಗಳು ಅಳಿದುಹೋಗದಂತೆ ಕಾಯುವುದು ಇದೇ ಎಚ್ಚರಿಕೆ.

ಬ್ರೌಸರಿನಲ್ಲಿ ಆ ಯಂತ್ರದ 3142ನೇ ಪೋರ್ಟಿನ ವರದಿ ಪುಟವನ್ನು ತೆರೆದು ಶುಚಿಕಾರ್ಯವನ್ನು ಕೈಯಾರೆ ನಡೆಸಿದರೆ ಯಾವ ಪಟ್ಟಿಯಲ್ಲಿ ದೋಷ ಬರುತ್ತಿದೆಯೆಂದು ಅಲ್ಲಿಯೇ ಕಾಣುತ್ತದೆ. ದೋಷವಿರುವುದು 23.10ರ ಪಟ್ಟಿಯಲ್ಲಿಯೇ ಆಗಿದ್ದರೆ, ಸೇವೆಯನ್ನು ನಿಲ್ಲಿಸಿ, ಸಂಗ್ರಹದ ಡಿಸ್ಟ್ಸ್ ಫೋಲ್ಡರುಗಳಲ್ಲಿ 23.10ರ ಸಂಕೇತನಾಮವಾದ ಮ್ಯಾಂಟಿಕ್ ಎಂಬ ಹೆಸರಿನಿಂದ ಆರಂಭವಾಗುವ ಫೋಲ್ಡರುಗಳನ್ನು ಮಾತ್ರ ಅಳಿಸಿರಿ. ಲ್ಯಾಪ್‌ಟಾಪಿಗೆ 24.04 ಹಾಕಿರಿ, ಇಲ್ಲವಾದರೆ ಅದು ಹಳೆಯ ಪಟ್ಟಿಯನ್ನು ಮತ್ತೆ ಕೇಳುತ್ತಲೇ ಇರುತ್ತದೆ. ಡೇಟಾಬೇಸ್ ತಕ್ಷಣ ಎದ್ದೇಳಬೇಕಾದರೆ ಸಂಗ್ರಹದ ಕೆಲವು ದೊಡ್ಡ ಡೆಬ್ ಕಡತಗಳನ್ನು (ಅಂದರೆ ಪ್ಯಾಕೇಜುಗಳನ್ನು), ಜೊತೆಗಿರುವ ಅದೇ ಹೆಸರಿನ ಹೆಡ್ ಕಡತಗಳ ಸಮೇತ, ಅಳಿಸಬಹುದು. ಬೇಕಾದಾಗ ಅವು ಪುನಃ ಇಳಿದುಬರುತ್ತವೆ.

ಇನ್ನು ನೀವು ಕೇಳಿದ 30 ಜಿಬಿ ಮಿತಿ. ಸಂಗ್ರಹದ ಫೋಲ್ಡರಿಗೆ ಅಷ್ಟು ಗಾತ್ರದ ಪ್ರತ್ಯೇಕ ಪಾರ್ಟಿಷನ್ ಕೊಡುವುದೇ ಸರಿಯಾದ ದಾರಿ. ಡಿಸ್ಕನ್ನು ಮತ್ತೆ ವಿಭಜಿಸಲು ಅಂಜಿಕೆಯಿದ್ದರೆ, ಜಾಗ ತೆರವಾದ ಮೇಲೆ 30 ಜಿಬಿಯ ಒಂದೇ ಕಡತವನ್ನು ಸೃಷ್ಟಿಸಿ, ಅದನ್ನು ಎಕ್ಸ್ಟ್4 ಎಂಬ ಕಡತ ವ್ಯವಸ್ಥೆಯಾಗಿ ಫಾರ್ಮ್ಯಾಟ್ ಮಾಡಿ, ಸಂಗ್ರಹದ ಜಾಗದಲ್ಲಿ ಮೌಂಟ್ ಮಾಡಿದರೂ ಸಾಕು. ಮೌಂಟ್ ಆದ ಮೇಲೆ ಆ ಫೋಲ್ಡರಿನ ಒಡೆತನವನ್ನು ಆಪ್ಟ್-ಕ್ಯಾಶರ್-ಎನ್‌ಜಿ ಬಳಕೆದಾರನಿಗೆ ಕೊಡಲು ಮರೆಯಬಾರದು. ಎಕ್ಸ್ಟ್4 ತನ್ನ ಜಾಗದ ನೂರಕ್ಕೆ 5 ಪಾಲನ್ನು ರೂಟ್ (ಮುಖ್ಯ ನಿರ್ವಾಹಕ) ಬಳಕೆದಾರನಿಗೆ ಮೀಸಲಿಡುವುದರಿಂದ ಸೇವೆಗೆ ಸುಮಾರು 28.5 ಜಿಬಿ ಮಾತ್ರ ದೊರೆಯುತ್ತದೆ. ಟ್ಯೂನ್2ಎಫ್‌ಎಸ್ ಎಂಬ ಆಜ್ಞೆಯ ಮೂಲಕ ಈ ಮೀಸಲನ್ನು ತೆಗೆಯಬಹುದು. ಇಷ್ಟಾದರೆ ಸಂಗ್ರಹ ತುಂಬಿದರೂ ಪ್ಯಾಕೇಜ್ ಇಳಿಯುವುದಕ್ಕೆ ಮಾತ್ರ ತೊಂದರೆ, ಎರವಲಿನ ದಾಖಲೆಗೆ ತೊಂದರೆಯಿಲ್ಲ.

ಪ್ರಶ್ನೆ: ಇದೇ ಕೆಲಸಕ್ಕೆ ಸ್ಕ್ವಿಡ್ ಎಂಬ, ಇಂಟರ್ನೆಟ್‌ನಿಂದ ಬಂದುದನ್ನು ಸಂಗ್ರಹಿಸಿಡುವ ಪ್ರಾಕ್ಸಿ ತಂತ್ರಾಂಶವನ್ನು ಬಳಸಿದರೆ ಗಾತ್ರದ ಮಿತಿ ಸಿಗುತ್ತದೆಯೇ? (ಮಂಜೇಶ್ವರದ ಓದುಗರೊಬ್ಬರು)

ಉತ್ತರ: ಸಿಗುತ್ತದೆ. ಅದರ ಸೆಟ್ಟಿಂಗ್ ಕಡತದ ಕ್ಯಾಶ್ ಡಿರ್ ಎಂಬ ಸಾಲಿನಲ್ಲಿ ಎಂಬಿ ಲೆಕ್ಕದಲ್ಲಿ ಗಾತ್ರ ಬರೆದರೆ, ಸಂಗ್ರಹವು ಅದರ ನೂರಕ್ಕೆ 90ನ್ನು ದಾಟಿದಾಗ ಬಹುಕಾಲದಿಂದ ಯಾರೂ ಕೇಳದ ಕಡತಗಳನ್ನು ಸ್ಕ್ವಿಡ್ ತೆಗೆಯಲು ತೊಡಗಿ, 95ರ ಹತ್ತಿರ ಬಂದಂತೆ ಇನ್ನಷ್ಟು ಬಿರುಸಾಗಿ ತೆಗೆಯುತ್ತದೆ. ಆದರೆ 4 ಎಂಬಿ ಮೀರಿದ ಕಡತವನ್ನು ಅದು ಸಹಜವಾಗಿ ಉಳಿಸಿಕೊಳ್ಳುವುದಿಲ್ಲ. ಅಂದರೆ ಲಿಬ್ರೆಆಫೀಸ್, ಕರ್ನೆಲ್ ಮೊದಲಾದ ದೊಡ್ಡ ಪ್ಯಾಕೇಜುಗಳು ಪ್ರತಿಸಲವೂ ಹೊರಗಿನಿಂದಲೇ ಬರುತ್ತವೆ. ಕಡತದ ಈ ಗರಿಷ್ಠ ಗಾತ್ರವನ್ನು ಹೆಚ್ಚಿಸುವ ಸಾಲನ್ನು ಕ್ಯಾಶ್ ಡಿರ್ ಸಾಲಿಗಿಂತ ಮೇಲೆ ಬರೆಯಬೇಕು. ಪಾರ್ಟಿಷನ್ನಿನ ಪೂರ್ತಿ ಗಾತ್ರವನ್ನೂ ಅಲ್ಲಿ ಬರೆಯಬೇಡಿರಿ, ಐದರಲ್ಲಿ ಒಂದು ಪಾಲನ್ನು ಬಿಟ್ಟುಬಿಡಿರಿ. 64 ಬಿಟ್ ಯಂತ್ರದಲ್ಲಿ 1 ಜಿಬಿ ಸಂಗ್ರಹಕ್ಕೆ ಸುಮಾರು 14 ಎಂಬಿ ರ‍್ಯಾಮ್ ಬೇಕೆಂಬುದು ರೂಢಿಯ ಲೆಕ್ಕವಾದುದರಿಂದ, 30 ಜಿಬಿಗೆ 400 ಎಂಬಿಗಿಂತ ಹೆಚ್ಚು ರ‍್ಯಾಮ್ ಬಿಡುವಾಗಿರಬೇಕು.