ಬೆಳಗಾವಿಯಲ್ಲಿ ಮನೆ ಕೊಳ್ಳುವವರಿಗೆ ತಮ್ಮದೇ ಏಜೆಂಟರು ಏಕೆ ಬೇಕು?

ಮಾರುವವರ ಏಜೆಂಟರೇ ಮನೆ ತೋರಿಸುತ್ತಿರುವಾಗ ಇನ್ನೊಬ್ಬರಿಗೆ ದಲಾಲಿ ಏಕೆ ಕೊಡಬೇಕೆಂದು ಕೇಳಿದ್ದೀರಿ. ಮಾರುವವರಿಂದ ಶೇಕಡಾವಾರು ದಲಾಲಿ ಪಡೆಯುವವರಿಗೆ ಬೆಲೆ ಏರಿದಷ್ಟೂ ಲಾಭ. ನಿಮ್ಮ ಪರವಾಗಿ ಚೌಕಾಸಿ ಮಾಡುವುದು ಅವರ ಕೆಲಸವಲ್ಲ. ಬೆಳಗಾವಿಯು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಇಲ್ಲಿನ ಹಳೆಯ ಮನೆಗಳ ಖರೀದಿಪತ್ರಗಳು ಎಷ್ಟೋ ಸಲ ಮರಾಠಿಯಲ್ಲಿರುತ್ತವೆ. ಅವನ್ನು ಓದಿಸಿ, ಸಿಟಿಎಸ್ ಉತಾರದಲ್ಲಿ (ನಗರ ಸರ್ವೆಯ ಆಸ್ತಿ ದಾಖಲೆಯಲ್ಲಿ) ಅಣ್ಣತಮ್ಮಂದಿರ ಪೈಕಿ ಯಾರ ಹೆಸರು ಉಳಿದಿದೆ, ಸಾಲದ ಬೋಜಾ ಇದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿಸುವವರು, ಜೀವಮಾನದ ಗಳಿಕೆ ಹಾಕುವ ನಿಮಗೆ ಖಂಡಿತ ಬೇಕು. ಕಾನೂನು ಅಭಿಪ್ರಾಯವನ್ನು ಮಾತ್ರ ವಕೀಲರಿಂದಲೇ ಪಡೆಯಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ನೋಂದಾಯಿತ ಯೋಜನೆಗಳ ಫ್ಲ್ಯಾಟು, ನಿವೇಶನ ಕೊಡಿಸುವ ಏಜೆಂಟರಿಗೂ ನೋಂದಣಿ ಕಡ್ಡಾಯ. ಆ ಸಂಖ್ಯೆಯನ್ನು ಕೇಳಿ ಪಡೆಯಿರಿ, ಮಾರುವವರಿಂದ ದಲಾಲಿ ಪಡೆಯುವುದಿಲ್ಲವೆಂದೂ ಅವರಿಂದ ಬರೆಸಿಕೊಳ್ಳಿ.