ಮುಖವಾಡದ ಹಿಂದ ಏನದ ಅಂತ ತೋರಿಸಬಾರದಿತ್ತು

ನೀವು ಕೇಳಿದ್ದು, ಹಳೇ ಸ್ಲ್ಯಾಶರ್ ಪಿಚ್ಚರ್ (ಒಬ್ಬ ಕೊಲೆಗಾರ ಒಬ್ಬೊಬ್ಬರನ್ನೇ ಬೆನ್ನಟ್ಟಿ ಕೊಲ್ಲೋ ಅಂಜಿಕಿ ಪಿಚ್ಚರ್) ಅಷ್ಟು ಛಲೋ ಇದ್ದಾಗ ಅವನ್ನೇ ಯಾಕ ಮತ್ತ ಮತ್ತ ರೀಮೇಕ್ ಮಾಡ್ತಾರ, ಅದರಾಗ ನೋಡುವಂಥದ್ದು ಒಂದರ ಅದನೋ ಇಲ್ಲೋ ಅಂತ. ಅದ ರೀ. ಆದ್ರ ಭಾಳಷ್ಟು ರೀಮೇಕ್ ಒಂದೇ ತಪ್ಪು ಮಾಡ್ಯಾವ, ಆ ತಪ್ಪು ಯಾವುದು ಅಂತ ನಂಗ ಗೊತ್ತಾಗಿದ್ದು ಪಿಚ್ಚರ್ ನೋಡಿ ಅಲ್ಲ, ನಮ್ಮ ಮನಿ ಮಾಳಿಗಿ ಮ್ಯಾಲ.

ನಮ್ಮದು ಕಲಬುರಗಿ. ಮೇ ತಿಂಗಳಾಗ ಬಿಸಲು 42, 43 ಡಿಗ್ರಿ ಮುಟ್ತದ, ರಾತ್ರಿ ಹತ್ತಾದ್ರೂ ಪರ್ಸಿ ಕಲ್ಲು ಸುಡ್ತಿರ್ತದ, ಅದಕ್ಕ ಸಣ್ಣವರಿದ್ದಾಗ ಮಾಳಿಗಿಗೆ ನೀರು ಹೊಡದು ಚಾಪಿ ಹಾಸಿ ಎಲ್ಲಾರೂ ಮ್ಯಾಲೇ ಮಲಗ್ತಿದ್ವಿ. ನಮ್ಮ ದೊಡ್ಡಪ್ಪನ ಮಗ ಪ್ರತಿ ಸೂಟಿಗೂ ಒಂದೇ ಕಥಿ ಹೇಳ್ತಿದ್ದ. ತೊಗರಿ ಎದಿ ಮಟ ಬೆಳದದ, ಹೊಲದ ನಡುವ ಒಬ್ಬಾವ ನಿಂತಾನ, ತಲಿ ಅಷ್ಟೇ ಕಾಣ್ತದ, ಓಡಂಗಿಲ್ಲ, ಕೂಗಂಗಿಲ್ಲ, ನೀ ಹೊಳ್ಳಿ ನೋಡಿದಾಗೆಲ್ಲಾ ನಾಕು ಸಾಲು ಹತ್ರ ಬಂದಿರ್ತಾನ. ಇಷ್ಟೇ. ಇಷ್ಟಕ್ಕೇ ನಾವು ನೀರು ಕುಡೀಲಕ್ಕ ಸೈತ ಕೆಳಗ ಇಳೀತಿದ್ದಿಲ್ಲ. ಒಂದ್ ವರ್ಷ ಅವ ಕಥಿ ಉದ್ದ ಮಾಡಿದ, ಆ ಮನಷ್ಯಾನ ಹೆಂಡತಿ ಬಾವಿಗೆ ಬಿದ್ದು ಸತ್ತಿದ್ಲು, ಸಾಲ ಆಗಿತ್ತು, ಊರವರು ಹೊಡದು ಹೊರಗ ಹಾಕಿದ್ರು ಅಂತ. ನನ್ನ ತಂಗಿ ಕೇಳಿ "ಪಾಪ" ಅಂದ್ಲು. ಅಲ್ಲಿಗೆ ಮುಗೀತು ನೋಡ್ರಿ. ಆ ರಾತ್ರಿಯಿಂದ ಯಾರಿಗೂ ಅವನ ಅಂಜಿಕಿ ಬರ್ಲಿಲ್ಲ.

ರೀಮೇಕ್ ಮಾಡೋರು ಮಾಡೋದು ಇದನ್ನೇ. 1978ರ ಹ್ಯಾಲೋವೀನ್ ತಗೋರಿ, ಜಾನ್ ಕಾರ್ಪೆಂಟರ್ 3 ಲಕ್ಷ ಡಾಲರ್ ಆಸುಪಾಸು ರೊಕ್ಕದಾಗ ತೆಗದದ್ದು. ಕೊಲೆಗಾರ ಮೈಕೆಲ್ ಹಾಕೊಂಡ ಮುಖವಾಡ ಅಂಗಡಿಯಾಗ ಎರಡು ಡಾಲರ್‌ಗೆ ಸಿಕ್ಕ ಸ್ಟಾರ್ ಟ್ರೆಕ್ ಅನ್ನೋ ಟಿವಿ ಸೀರಿಯಲ್ಲಿನ ಕ್ಯಾಪ್ಟನ್ ಕರ್ಕ್‌ನ ರಬ್ಬರ್ ಮುಖ, ಕಿವಿ ಮುಂದಿನ ಕೂದಲು ಕಿತ್ತು, ಕಣ್ಣಿನ ತೂತು ಅಗಲ ಮಾಡಿ, ಬಿಳಿ ಬಣ್ಣ ಹೊಡದ್ರು. ಕ್ರೆಡಿಟ್ಸ್‌ನಾಗ ಅವನ ಹೆಸರು 'ದ ಶೇಪ್', ಅಂದ್ರ ಬರೇ ಒಂದು ಆಕಾರ. ಆರು ವರ್ಷದ ಹುಡುಗ ತನ್ನ ಅಕ್ಕನ್ನ ಕೊಂದ, ಯಾಕ ಅಂತ ಪಿಚ್ಚರ್ ಹೇಳಂಗಿಲ್ಲ. ಒಂದು ಸೀನ್‌ನಾಗ ಲಾರಿ ಅನ್ನೋ ಹುಡುಗಿ ಕಿಟಕಿಯಿಂದ ಕೆಳಗ ನೋಡ್ತಾಳ, ಒಣ ಹಾಕಿದ ಅರಬಿ ನಡುವ ಅವ ನಿಂತಾನ, ಹಗಲೊತ್ತು, ಗಾಳಿಗೆ ಚಾದರ ಆಡ್ಲತ್ತದ, ಮರು ಕ್ಷಣ ನೋಡಿದ್ರ ಅಲ್ಲಿ ಯಾರೂ ಇಲ್ಲ. ನಂಗ ಥಟ್ಟನೆ ನೆನಪಾದದ್ದು ಆ ತೊಗರಿ ಹೊಲ.

2007ರಾಗ ರಾಬ್ ಝೋಂಬಿ ಅನ್ನೋ ಡೈರೆಕ್ಟರ್ ಇದನ್ನೇ ರೀಮೇಕ್ ಮಾಡಿದ. ಮೊದಲಿನ ಭಾಗ ಪೂರಾ ಮೈಕೆಲ್‌ನ ಬಾಲ್ಯ, ಮನಿಯಾಗ ಬೈಯೋ ಗಂಡಸು, ಸಾಲ್ಯಾಗ ಕಾಡೋ ಹುಡ್ಗುರು, ಕಷ್ಟಪಡೋ ತಾಯಿ. ಪ್ರಾಮಾಣಿಕವಾಗೇ ಮಾಡ್ಯಾನ, ಅದು ನಾ ಒಪ್ಪತೀನಿ, ಆದ್ರ ಅವ ದೊಡ್ಡವನಾಗಿ ಚಾಕು ಹಿಡಿಯೋ ಹೊತ್ತಿಗೆ ನಮ್ಮ ಬಾಯಾಗ "ಪಾಪ" ಬಂದು ಕುಂತಿರ್ತದ. ಬ್ಲ್ಯಾಕ್ ಕ್ರಿಸ್‌ಮಸ್‌ದೂ ಅದೇ ಹಾಡು. 1974ರ ಪಿಚ್ಚರ್‌ನಾಗ ಕೊಲೆಗಾರನ ಮುಖಾನೇ ಕಾಣಂಗಿಲ್ಲ, ಬಾಗಿಲ ಸಂದಿಯಿಂದ ಒಂದು ಕಣ್ಣು, ಫೋನ್‌ನಾಗ ಆ ದನಿ, ಅಷ್ಟೇ. 2006ರ ರೀಮೇಕ್‌ನಾಗ ಅವ ಹುಟ್ಟಿದಾಗಿಂದ ಹಿಡದು ಎಲ್ಲಾ ಬಿಡಿಸಿ ಹೇಳ್ಯಾರ. ಒಂದು ಕಣ್ಣಿಗೆ ಬಂದ ಅಂಜಿಕಿ ಪೂರಾ ಮನಷ್ಯಾಗ ಬರ್ಲಿಲ್ಲ.

ಮತ್ತ ಯಾಕ ಮಾಡ್ತಾರ ಅಂದ್ರ, ರೊಕ್ಕ. 2003ರಾಗ ಟೆಕ್ಸಾಸ್ ಚೈನ್‌ಸಾ ರೀಮೇಕ್ 1 ಕೋಟಿ ಡಾಲರ್ ಒಳಗ ತಯಾರಾಗಿ ಜಗತ್ತಿನ ತುಂಬ 10 ಕೋಟಿ ಡಾಲರ್ ಮ್ಯಾಲ ಗಳಿಸ್ತು, ಅದಾದ ಮ್ಯಾಲ ಯಾರೂ ನಿಲ್ಲಲಿಲ್ಲ, 2010ರ ತನಕ ಒಂದಾದ ಮ್ಯಾಲ ಒಂದು ಬಂದವು. ಹೆಸರು ಮೊದಲೇ ಮಂದಿಗೆ ಗೊತ್ತದ, ದೊಡ್ಡ ಹೀರೋ ಬೇಕಿಲ್ಲ, ಹೊಸ ಹುಡ್ಗುರನ್ನ ಹಾಕಿದ್ರ ನಡೀತದ.

ಆದ್ರ ರೊಕ್ಕ ಒಂದೇ ಅಂತ ಹೇಳಿ ಕೈ ತೊಳಕೊಳ್ಳಲಕ್ಕ ಮನಸ್ಸು ಬರಂಗಿಲ್ಲ, ಯಾಕಂದ್ರ ನಾನೇ ಒಂದು ರೀಮೇಕ್‌ನಿಂದ ಈ ಕಡಿ ಬಂದಾವ. ಸ್ಟೇಷನ್ ಬಜಾರ್ ಹತ್ರ ಒಂದು ಸಿಡಿ ಬಾಡಿಗಿ ಅಂಗಡಿ ಇತ್ತು, ಅಲ್ಲಿಂದ ತಂದದ್ದು ಆ 2003ರ ಪಿಚ್ಚರ್. ಶೆರಿಫ್ ಪಾತ್ರದಾಗ ಆರ್ ಲೀ ಎರ್ಮಿ ವ್ಯಾನಿನ ಬಾಜೂಕ ಬಂದು ನಿಂತಾಗ ಚೈನ್‌ಸಾ, ಅಂದ್ರ ಯಂತ್ರದ ಗರಗಸ, ಹಿಡದ ಕೊಲೆಗಾರನಕಿಂತ ಇವನಿಗೇ ಹೆಚ್ಚು ಅಂಜಿದ್ದೆ. ಅದು ನೋಡಿದ ಮ್ಯಾಲೇ 1974ರಾಗ ಟೋಬಿ ಹೂಪರ್ ತೆಗದ ಮೂಲ ಪಿಚ್ಚರ್ ಹುಡುಕಿ ನೋಡಿದೆ. ಎರಡಕ್ಕೂ ಕ್ಯಾಮೆರಾ ಹಿಡದಾವ ಒಬ್ಬನೇ, ಡೇನಿಯಲ್ ಪರ್ಲ್. ಆದ್ರ ಎಷ್ಟು ಫರಕ್ ನೋಡ್ರಿ. ಹಳೇದನ್ನ ಟೆಕ್ಸಾಸ್‌ನ ಬ್ಯಾಸಗಿಯಾಗ 16 ಎಂಎಂ ಫಿಲ್ಮ್‌ನಾಗ ತೆಗದ್ರು, ಊಟದ ಸೀನ್ ಒಂದನ್ನೇ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬಿಡದೇ ತೆಗದ್ರು, ಮೇಜಿನ ಮ್ಯಾಲಿನ ಮಾಂಸ ಕೊಳೆತು ನಾರ್ಲತ್ತಿತ್ತು. ಆ ಬಿಸಲು ಪರದಿ ಮ್ಯಾಲ ಕಾಣ್ತದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿರೋದು, ತುಟಿ ಒಣಗಿರೋದು, ಮಧ್ಯಾಹ್ನ ಎರಡಕ್ಕ ಸೇಡಂ ರೋಡಿನ ಮ್ಯಾಲ ನಡದ ಮನಷ್ಯಾಗ ಅದು ಕೂಡ್ಲೇ ತಿಳೀತದ. ಹೊಸದರಾಗ ಅದೇ ಬೆವರು ಎಣ್ಣಿ ಹಚ್ಚಿದಂಗ ಮಿಂಚ್ತದ, ಬಿಸಲು ಚಂದ ಕಾಣ್ತದ. ಚಂದ ಕಾಣೋ ಬಿಸಲಿಗೆ ಯಾರು ಅಂಜ್ತಾರ? ಮತ್ತ ಹಳೇದರಾಗ ರಕ್ತ ಭಾಳ ಕಮ್ಮಿ, ಹುಡುಗೀನ ಕೊಕ್ಕಿಗೆ ಸಿಗಸೋ ಸೀನ್‌ನಾಗ ಕೊಕ್ಕಿ ಒಳಗ ಹೋಗೋದು ತೋರಿಸೇ ಇಲ್ಲ, ನೋಡಿದ ಮಂದಿ ಮಾತ್ರ ಕಣ್ಣಾರೆ ನೋಡೀವಿ ಅಂತ ಆಣಿ ಮಾಡ್ತಾರ.

ಇನ್ನೊಂದು ಸೀನ್ ಹೇಳ್ಲೇಬೇಕು. 1984ರ ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್‌ನಾಗ ಫ್ರೆಡ್ಡಿ ಅನ್ನೋ ಕೊಲೆಗಾರ ಮಂದಿಯ ಕನಸಿನಾಗ ಬಂದು ಕೊಲ್ತಾನ. ನ್ಯಾನ್ಸಿ ಅನ್ನೋ ಹುಡುಗಿ ಮಲಗಿರ್ತಾಳ, ತಲಿ ಮ್ಯಾಲಿನ ಗ್ವಾಡಿ ಮೆತ್ತಗ ಉಬ್ತದ, ಅದರಾಗ ಒಂದು ಮುಖ, ಎರಡು ಕೈ ಮೂಡ್ತಾವ, ಆಕಿ ಮ್ಯಾಲ ಬಾಗ್ತಾವ, ಹಿಂದ ಸರೀತಾವ. ಮಾಡಿದ್ದು ಹ್ಯಾಂಗ ಅಂದ್ರ ಗ್ವಾಡಿ ಜಾಗಾದಾಗ ಸ್ಪ್ಯಾಂಡೆಕ್ಸ್ ಅರಬಿ ಜಗ್ಗಿ ಕಟ್ಟಿ, ಹಿಂದಿನಿಂದ ಒಬ್ಬ ಮನಷ್ಯಾ ಮುಖ ಒತ್ತಿದ. ಖರೇ ಭಾರ, ಖರೇ ಉಸಿರು. 2010ರ ರೀಮೇಕ್‌ನಾಗ ಅದನ್ನೇ ಕಂಪ್ಯೂಟರ್‌ನಾಗ ಮಾಡ್ಯಾರ, ಗ್ವಾಡಿ ಹಿಟ್ಟಿನಂಗ ಕಾಣ್ತದ, ಹಿಂದ ಯಾರೂ ಇಲ್ಲ ಅಂತ ಕಣ್ಣಿಗೆ ಗೊತ್ತಾಗ್ತದ. ನಂಗ ಸಿಟ್ಟು ಬಂದಿತ್ತು ಅದನ್ನ ನೋಡಿ, ಯಾಕಂದ್ರ ಅದೇ ಪಿಚ್ಚರ್‌ನಾಗ ಒಂದು ಹೊಸ ವಿಚಾರ ಭಾಳ ಛಲೋ ಇತ್ತು. ದಿನಗಟ್ಟಲೆ ನಿದ್ದಿಗೆಟ್ಟವರಿಗೆ ಎಚ್ಚರ ಇದ್ದಾಗಲೇ ಕ್ಷಣಗಟ್ಟಲೆ ನಿದ್ದಿ ಬಡೀತದ, ಹುಡುಗಿ ಔಷಧಿ ಅಂಗಡಿಯಾಗ ನಡೀಲತ್ತಾಳ, ಒಂದು ಹೆಜ್ಜಿ ಅಂಗಡಿ, ಇನ್ನೊಂದು ಹೆಜ್ಜಿ ಫ್ರೆಡ್ಡಿಯ ಬಾಯ್ಲರ್ ಕೋಣಿ. ಇದನ್ನ ಹಿಡಕೊಂಡು ಪೂರಾ ಪಿಚ್ಚರ್ ಮಾಡಿದ್ರ ಹಳೇದರ ಬಾಜೂಕ ನಿಲ್ತಿತ್ತು. ಹಳೇ ಸೀನ್ ಮತ್ತ ತೋರ್ಸಬೇಕು ಅನ್ನೋ ಆಸೆದಾಗ ಬಿಟ್ಟುಬಿಟ್ರು.

ನೋಡೋ ಹಂಗಿರೋದು ಯಾವುದಂದ್ರ 2012ರ ಮೇನಿಯಾಕ್, 1980ರದ್ದರ ರೀಮೇಕ್. ಹೆಚ್ಚೂಕಮ್ಮಿ ಇಡೀ ಪಿಚ್ಚರ್ ಕೊಲೆಗಾರನ ಕಣ್ಣಿನಿಂದ ಕಾಣ್ತದ, ಕೊಲೆಗಾರನ ಪಾತ್ರ ಮಾಡಿದ ಎಲೈಜಾ ವುಡ್‌ನ ಮುಖ ಹೆಚ್ಚಾಗಿ ಕನ್ನಡಿ ಬಂದಾಗ ಕಾಣ್ತದ, ಉಳಿದದ್ದೆಲ್ಲಾ ಅವನ ಕೈ, ಅವನ ಉಸಿರು. ಇದರಾಗೂ ಅವನ ತಾಯಿ ಕಥಿ ಬರ್ತದ, "ಪಾಪ" ಅನಸ್ತದ, ಆದ್ರ ಹಂಗ ಅನಸೋ ಹೊತ್ತಿನಾಗೇ ಆ ಕೈ ಒಂದು ಹುಡುಗಿ ಕಡಿ ಹೋಗ್ತಿರ್ತದ, ನೀವು ಆ ಕೈ ಹಿಂದ ಸಿಕ್ಕಿಬಿದ್ದಿರ್ತೀರಿ, ದೂರ ಸರೀಲಕ್ಕ ಜಾಗಾ ಇಲ್ಲ. ಭಾಳ ಕ್ರೂರ ಅದ, ಮನಸ್ಸು ಸರಿ ಇಲ್ಲದ ದಿನ ಹಚ್ಚಬ್ಯಾಡ್ರಿ.

ನೀವು ಹೊಸಬರಿದ್ರ ಮೊದಲು 1978ರ ಹ್ಯಾಲೋವೀನ್ ಹಚ್ರಿ, ಮೊಬೈಲ್‌ನಾಗ ಬ್ಯಾಡ, ಟಿವಿಯಾಗ, ಲೈಟ್ ಆರಿಸಿ. ಲಾರಿ ಕಿಟಕಿಗೆ ಬಂದಾಗ ಆಕಿ ಮುಖ ನೋಡಬ್ಯಾಡ್ರಿ, ಅರಬಿ ಕಡಿ ನೋಡ್ರಿ.